ಆರಿದ ಬಲ್ಬಿನ ಲೆಕ್ಕ

ನಮ್ಮ ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ಮೊದಲು ಹೆಲ್ಮೆಟ್ ಕೊಡುತ್ತಾರೆ. ರಬ್ಬರ್ ಗ್ಲೌಸು ಬರುತ್ತದೆ, ಸ್ವಲ್ಪ ಕಾಯಿರಿ ಎನ್ನುತ್ತಾರೆ. ನಾನು ಕಾದೆ. ಗ್ಲೌಸಿಗಿಂತ ಮೊದಲು ನಿವೃತ್ತಿ ಬಂತು. ಬೀಳ್ಕೊಡುಗೆಯ ದಿನ ಶಾಲು ಹೊದಿಸಿ, ಹಾರ ಹಾಕಿ, ಸುರಕ್ಷತೆಯ ಬಗ್ಗೆ ಇಬ್ಬರು ಭಾಷಣವನ್ನೂ ಮಾಡಿದರು. ಗ್ಲೌಸು ಸೊರಬದ ಉಗ್ರಾಣದಲ್ಲಿ ಯಾವುದೋ ಪೆಟ್ಟಿಗೆಯಲ್ಲಿ ಇನ್ನೂ ಇರಬೇಕು. ಈಗ ಸೇರುತ್ತಿರುವವರು ಯಾರಾದರೂ ಹುಡುಕಿಕೊಂಡರೆ ನನ್ನ ಅಭ್ಯಂತರವಿಲ್ಲ.

ನಾನು ಬಸವರಾಜಪ್ಪ. ವಿದ್ಯುತ್ ಇಲಾಖೆಯಲ್ಲಿ ಮೀಟರ್ ಪರೀಕ್ಷೆ ಮಾಡುವ ಎಂಜಿನಿಯರ್ ಆಗಿದ್ದೆ. ಶಿಕಾರಿಪುರ, ಸೊರಬ ಎರಡೂ ತಾಲ್ಲೂಕಿನವರ ಬಾಯಲ್ಲಿ ಮೀಟರ್ ಬಸಣ್ಣ. ಬಡ್ತಿಯ ಕಥೆ ಬಿಡಿ. ಬಡ್ತಿ ಸಿಕ್ಕಾಗಲೆಲ್ಲ ನನ್ನ ಕುರ್ಚಿ ಮೆತ್ತಗಾಯಿತೇ ಹೊರತು ಬುದ್ಧಿಯೇನೂ ಹೆಚ್ಚಲಿಲ್ಲ. ಹೊಸಬರಿಗೆ ಹೇಳಬೇಕಾದ ಮಾತು ಬೇರೆ ಇದೆ. ಗುಣಾಕಾರ ತಪ್ಪಿದರೆ ಯಾರಾದರೂ ತಿದ್ದುತ್ತಾರೆ. ಸೂತ್ರ ಸರಿ, ಗುಣಾಕಾರ ಸರಿ, ಸಹಿಯೂ ಸರಿ, ಆದರೆ ಉತ್ತರ ಮಾತ್ರ ತಪ್ಪು ಎಂದಾಗ ತಿದ್ದುವವರು ಯಾರೂ ಸಿಗುವುದಿಲ್ಲ. ನಮ್ಮ ಕೆಲಸದಲ್ಲಿ ನಿಜವಾದ ಕಷ್ಟ ಅದು.

ಸೂತ್ರವೇನೋ ಹೈಸ್ಕೂಲಿನದೇ. ತಂತಿಗೆ ಕರೆಂಟನ್ನು ತಡೆಯುವ ಗುಣವಿದೆ. ಪುಸ್ತಕದಲ್ಲಿ ಅದಕ್ಕೆ ರೋಧ ಎನ್ನುತ್ತಾರೆ, ಆಫೀಸಿನಲ್ಲಿ ರೆಸಿಸ್ಟೆನ್ಸ್. ವೋಲ್ಟೇಜನ್ನು ರೋಧದಿಂದ ಭಾಗಿಸಿದರೆ ಹರಿಯುವ ಕರೆಂಟು ಬರುತ್ತದೆ. ಬಂದ ಕರೆಂಟನ್ನು ಮತ್ತೆ ವೋಲ್ಟೇಜಿನಿಂದ ಗುಣಿಸಿದರೆ ವ್ಯಾಟು. ಇಷ್ಟೇ. ಇದರ ಮೇಲೆಯೇ ನನ್ನ ಸಂಬಳ, ಮನೆ, ಮಗಳ ಮದುವೆ ಎಲ್ಲವೂ ನಡೆಯಿತು. ತಮಾಷೆಯೆಂದರೆ, ಈ ಸೂತ್ರ ಗೊತ್ತಿಲ್ಲದವರಿಂದ ನನಗೆ ತೊಂದರೆಯಾದದ್ದು ಕಡಿಮೆ.

ಗೊತ್ತಿಲ್ಲದವರಲ್ಲಿ ಸೊರಬದ ಹೋಟೆಲ್ ಮಂಜಣ್ಣ ಒಬ್ಬ. ಅವನ ಹೋಟೆಲಿನಲ್ಲಿ ಸುರುಳಿ ತಂತಿಯ ಕರೆಂಟ್ ಒಲೆ ಇತ್ತು. ನಾನು ಆ ಊರಿಗೆ ಹೋದ ಹೊಸತು. ಮಂಜಣ್ಣ ಚಹಾ ಕೊಡುತ್ತಾ ಒಲೆಯ ಕಡೆ ಹೆಮ್ಮೆಯಿಂದ ಕೈತೋರಿಸಿದ. "ಎಂತ ಒಲೆ ಅಂತೀರಿ ಮಾರಾಯ್ರೆ! ತಂದಾಗ ನೀರು ಕಾಯೋದಕ್ಕೆ ಅರ್ಧ ಗಂಟೆ ತಗೊಳ್ತಿತ್ತು. ಈಗ ನೋಡಿ, ಹಾಲು ಇಡೋದೇ ತಡ, ಉಕ್ಕಿ ಹೋಗ್ತದೆ. ಹಳತಾದಷ್ಟೂ ಜೋರಾಗ್ತಾ ಉಂಟು. ನಿಮ್ಮ ಇಲಾಖೆ ಹಾಗಲ್ಲ ನೋಡಿ."

ನಾನು ಬಗ್ಗಿ ನೋಡಿದೆ. ಸುರುಳಿ ತುಂಡಾದಾಗಲೆಲ್ಲ ಮಂಜಣ್ಣ ಸುಟ್ಟ ಭಾಗ ಕಿತ್ತು ಬಿಸಾಡಿ, ಉಳಿದ ಎರಡು ತುದಿ ಹೊಸೆದು ಕೂಡಿಸಿದ್ದ. ಹೀಗೆ ಮಾಡಿ ಮಾಡಿ ಸುರುಳಿ ಅರ್ಧಕ್ಕೆ ಬಂದಿತ್ತು. ಉದ್ದ ಅರ್ಧವಾದರೆ ರೋಧ ಅರ್ಧ. ರೋಧ ಅರ್ಧವಾದರೆ ಕರೆಂಟು ಎರಡರಷ್ಟು, ಕಾವೂ ಎರಡರಷ್ಟು. ಫ್ಯೂಸು ಪದೇಪದೇ ಹೋಗುತ್ತದೆಂದು ಅದಕ್ಕೊಂದು ದಪ್ಪ ತಂತಿ ಬೇರೆ ಬಿಗಿದಿದ್ದ ಪುಣ್ಯಾತ್ಮ. ಮೀಟರಿನ ಪೆಟ್ಟಿಗೆ ಆಗಲೇ ಕರಗಿ ಒಂದು ಕಡೆಗೆ ವಾಲಿತ್ತು. ನಾನು ತಾಳ್ಮೆಯಿಂದ ಎಲ್ಲವನ್ನೂ ವಿವರಿಸಿದೆ. ಮಂಜಣ್ಣ ಗಮನವಿಟ್ಟು ಕೇಳಿದ.

"ಅಂದ್ರೆ, ಅಡ್ಡಗಟ್ಟೋದು ಕಡಿಮೆ ಆದಷ್ಟೂ ಕೆಲಸ ಜಾಸ್ತಿ ಆಗ್ತದೆ. ಅಲ್ದಾ?"

"ಹೌದು."

"ಹಾಗಾದ್ರೆ ನಿಮ್ಮ ಆಫೀಸಲ್ಲೂ ಒಂದಿಬ್ಬರನ್ನ ಕಿತ್ತು ನೋಡಿ ಮಾರಾಯ್ರೆ."

ಹೊಸ ಸುರುಳಿ ಹಾಕಿಸಿದ ಮೇಲೆ ನೀರು ಕಾಯಲು ಮತ್ತೆ ಅರ್ಧ ಗಂಟೆ ಬೇಕಾಯಿತು. ಬಸಣ್ಣ ಬಂದು ಒಲೆ ಕೆಡಿಸಿ ಹೋದ ಎಂದು ಮಂಜಣ್ಣ ಬಹಳ ದಿನ ಗಿರಾಕಿಗಳ ಹತ್ತಿರ ಹೇಳಿಕೊಂಡು ತಿರುಗಿದ. ಅಂಗಡಿ ಉಳಿಸಿಕೊಟ್ಟದ್ದಕ್ಕೆ ನನಗೆ ಸಿಕ್ಕ ಪ್ರಶಸ್ತಿ ಇದು.

ಆಗ ನನ್ನ ಮೇಲಧಿಕಾರಿ ರುದ್ರಯ್ಯನವರು. ಅವರ ಜೇಬಿನಲ್ಲಿ ಪೆನ್ನು ಒಮ್ಮೊಮ್ಮೆ ಇರುತ್ತಿರಲಿಲ್ಲ, ಕೈಚೀಲದಲ್ಲಿ ಒಂದರ ಹಿಂದೊಂದು ಕಟ್ಟಿದ ಎರಡು ಬಲ್ಬು ಮಾತ್ರ ತಪ್ಪುತ್ತಿರಲಿಲ್ಲ. ಕಂಬದ ಮೇಲಿನ ನಾನೂರು ವೋಲ್ಟಿನ ಲೈನಿನ ಎರಡು ತಂತಿಗೆ ಅದನ್ನು ಮುಟ್ಟಿಸಿ, ಬಲ್ಬು ಉರಿಯುವ ಬಣ್ಣದಿಂದಲೇ ವೋಲ್ಟೇಜು ಹೇಳುತ್ತಿದ್ದರು. ಬೆಳ್ಳಗಿದ್ದರೆ ಪೂರ್ತಿ, ಹಳದಿಯಿದ್ದರೆ ಕಡಿಮೆ, ಕೆಂಪಗಿದ್ದರೆ ಅರ್ಧ. ಹಾಗೆ ಹೇಳಿದ ಉತ್ತರ ಬಹುಪಾಲು ಸರಿಯಿರುತ್ತಿತ್ತು. ತಪ್ಪಿದಾಗ ಅವರು ಬಲ್ಬಿನ ಕಂಪನಿಯನ್ನು ಬೈಯುತ್ತಿದ್ದರು. ಕಾಲ ಬದಲಾಯಿತು. ತಟ್ಟೆ ತಿರುಗುವ ಮೀಟರು ಹೋಗಿ ಕೆಂಪು ದೀಪ ಮಿಣುಕುವ ಮೀಟರು ಬಂತು. ಜೋಡಿ ಬಲ್ಬಿನ ಜಾಗಕ್ಕೆ ಅಂಕಿ ತೋರಿಸುವ ಮಲ್ಟಿಮೀಟರು ಬಂತು. ಅಂಕಿ ಬಂದ ಮೇಲೆ ಬೈಯುವುದಕ್ಕೆ ಕಂಪನಿಯೂ ಸಿಗದಂತಾಯಿತು.

ಈಗ ನಾನು ಹೇಳಬೇಕೆಂದಿದ್ದ ಕಥೆಗೆ ಬರುತ್ತೇನೆ. ನನ್ನ ನಿವೃತ್ತಿಗೆ ಸ್ವಲ್ಪ ಮುಂಚೆ ನಡೆದದ್ದು.

ಶಿಕಾರಿಪುರದಿಂದ ಈಸೂರಿಗೆ ಹೋಗುವ ರಸ್ತೆಯಲ್ಲಿ, ಊರು ಮುಗಿಯುವ ಕಡೆ, ಮುಮ್ತಾಜ್‌ಬೀ ಎಂಬಾಕೆಯ ಮನೆ. ಪಾತ್ರೆಗೆ ಕಲಾಯಿ ಹಾಕುತ್ತಿದ್ದ ಮನೆತನ. ಊರಿನವರು ಸ್ಟೀಲ್ ಪಾತ್ರೆ ಕೊಂಡ ಮೇಲೆ ಕಲಾಯಿ ಹೋಯಿತು, ಕೋಳಿ ಬಂತು. ಮನೆಯ ಹಿಂದೆ ತಗಡಿನ ಶೆಡ್ಡು ಹಾಕಿ ಆಕೆ ಮರಿ ಬೆಳೆಸುತ್ತಿದ್ದಳು. ಗಂಡ ಸಂತೆಯಿಂದ ಸಂತೆಗೆ ಒಯ್ದು ಮಾರುತ್ತಿದ್ದ. ಆ ರಸ್ತೆಯ ಹೆಂಗಸರೆಲ್ಲ ಸೇರಿ ಒಂದು ಸಂಘ ಮಾಡಿಕೊಂಡಿದ್ದರು. ಅದಕ್ಕೆ ಮುಮ್ತಾಜ್‌ಬೀಯೇ ಅಧ್ಯಕ್ಷೆ. ಹಿತ್ತಲಲ್ಲಿ ಕೋಳಿ ಸಾಕಬೇಕೆಂದವರು ಅವಳ ಹತ್ತಿರವೇ ಮರಿ ಒಯ್ಯುತ್ತಿದ್ದರು.

ಎಳೆಯ ಮರಿಗೆ ತಾಯಿಯ ಕಾವು ಬೇಕು. ತಾಯಿಯಿಲ್ಲದ ಕಡೆ ಹಳೇ ಕಾಲದ ನೂರು ವ್ಯಾಟಿನ ಬಲ್ಬೇ ತಾಯಿ. ಈಗಿನ ಎಲ್‌ಇಡಿ ಬಲ್ಬು ಬೆಳಕು ಕೊಡುತ್ತದೆ, ಕಾವು ಕೊಡುವುದಿಲ್ಲ. ಮರಿ ಸಾಕುವ ನಮ್ಮ ಕಡೆಯವರಿಗೆ ಒಂದು ಪದ್ಧತಿಯಿದೆ. ಬಲ್ಬನ್ನು ಒಂಟಿಯಾಗಿ ಹಾಕುವುದಿಲ್ಲ, ರುದ್ರಯ್ಯನವರಂತೆಯೇ ಒಂದರ ಹಿಂದೊಂದು ಜೋಡಿ ಹಾಕುತ್ತಾರೆ. ಪೂರ್ತಿ ಬೆಳಕು ಬಿದ್ದರೆ ಮರಿಗಳು ಒಂದನ್ನೊಂದು ಕುಕ್ಕಿ ರಕ್ತ ಮಾಡಿಕೊಳ್ಳುತ್ತವೆ. ಮನೆಯ ಇನ್ನೂರ ಮೂವತ್ತು ವೋಲ್ಟಿಗೆ ಜೋಡಿ ಹಾಕಿದರೆ ಬಲ್ಬು ಕೆಂಡದ ಹಾಗೆ ಕೆಂಪಗೆ ಉರಿಯುತ್ತದೆ. ಕಾವೂ ಸಿಗುತ್ತದೆ, ಬಲ್ಬೂ ಬಹಳ ಕಾಲ ಬಾಳುತ್ತದೆ. ಮುಮ್ತಾಜ್‌ಬೀಯ ಶೆಡ್ಡಿನಲ್ಲಿ ಅಂಥ ಆರು ಜೋಡಿಗಳಿದ್ದವು.

ಒಂದು ಮಾಗಿಯ ಬೆಳಗ್ಗೆ ನಮ್ಮ ತಪಾಸಣಾ ತಂಡದ ಜೀಪು ಅವಳ ಮನೆ ಮುಂದೆ ನಿಂತಿತು. ಜೀಪಿನಲ್ಲಿದ್ದವರು ಪ್ರಭಂಜನ ಎಂಬ ಹೊಸ ಸಾಹೇಬರು. ಚಿಕ್ಕ ವಯಸ್ಸು, ಒಳ್ಳೆಯ ಮನುಷ್ಯ, ಒಂದು ಕಾಸು ಮುಟ್ಟುವವರಲ್ಲ. ಮಲ್ಟಿಮೀಟರನ್ನು ಸೊಂಟಕ್ಕೆ ಚರ್ಮದ ಚೀಲದಲ್ಲಿ ಕಟ್ಟಿಕೊಂಡೇ ತಿರುಗುತ್ತಿದ್ದರು. ಕಳ್ಳತನ ಹಿಡಿಯಲೇಬೇಕೆಂಬ ಹುಮ್ಮಸ್ಸು ಅವರಿಗೆ. ನಮ್ಮ ಇಲಾಖೆಯಲ್ಲಿ ಹುಮ್ಮಸ್ಸು ಬಹಳ ಅಪಾಯದ ವಸ್ತು. ಅದಕ್ಕೂ ಗ್ಲೌಸು ಬೇಕು.

ಅವರು ಮಾಡಿದ್ದು ಹೀಗೆ. ಬಲ್ಬು ಉರಿಯುತ್ತಿರುವಾಗ ಮೀಟರಿನ ಕೆಂಪು ದೀಪ ಎಷ್ಟು ಸಲ ಮಿಣುಕುತ್ತದೆ ಎಂದು ಎಣಿಸಿ, ಶೆಡ್ಡಿಗೆ ಹೋಗುತ್ತಿರುವುದು ನಾನೂರು ವ್ಯಾಟು ಎಂದು ತಿಳಿದುಕೊಂಡರು. ಆಮೇಲೆ ಮೇನ್ ಸ್ವಿಚ್ ಆರಿಸಿ, ಶೆಡ್ಡಿಗೆ ಹೋಗುವ ತಂತಿಗೆ ಮಲ್ಟಿಮೀಟರ್ ಹಚ್ಚಿ ರೋಧ ಅಳೆದರು. ಹದಿಮೂರು ಓಮ್ ತೋರಿಸಿತು. ಸೂತ್ರ ಹಾಕಿದರು. ಇನ್ನೂರ ಮೂವತ್ತು ವೋಲ್ಟಿನ ವರ್ಗವನ್ನು ಹದಿಮೂರರಿಂದ ಭಾಗಿಸಿದರೆ ನಾಲ್ಕು ಸಾವಿರ ವ್ಯಾಟಿಗೂ ಚೂರು ಮೇಲೆ! ಉರಿಯುತ್ತಿರುವುದು ನಾಲ್ಕು ಸಾವಿರ, ಮೀಟರ್ ಬರೆಯುತ್ತಿರುವುದು ನಾನೂರು. ಇನ್ನೇನು ಬೇಕು? ಹತ್ತರಲ್ಲಿ ಒಂಬತ್ತು ಪಾಲು ಕಳವು. ಸಾಹೇಬರು ರಸ್ತೆಯಲ್ಲಿ ನಿಂತು, ಗುಂಪುಗೂಡಿದ್ದ ಜನರ ಎದುರಿಗೇ, "ಇದು ಕಳ್ಳತನ. ಈ ಹೆಂಗಸು ಕರೆಂಟ್ ಕದೀತಿದ್ದಾಳೆ" ಎಂದು ಘೋಷಿಸಿದರು. ಮರಿಗಳ ಪಕ್ಕ ನಿಂತು ಫೋಟೋ ತೆಗೆಸಿಕೊಂಡು ಇಲಾಖೆಯ ಮೊಬೈಲ್ ಗ್ರೂಪಿಗೆ ಹಾಕಿದರು. ಭಾರಿ ವಿದ್ಯುತ್ ಕಳವು ಪತ್ತೆ! ಮೇಲಿನವರಿಂದ ಹೆಬ್ಬೆರಳುಗಳು ಬಂದವು. ಕಂಬದಿಂದ ಬರುವ ತಂತಿಯನ್ನು ಕತ್ತರಿಸಲು ಲೈನ್‌ಮನ್ ದ್ಯಾಮಪ್ಪನಿಗೆ ಹೇಳಿದರು. ದ್ಯಾಮಪ್ಪ ನನ್ನದೇ ವಯಸ್ಸಿನವನು, ಮಾತು ಕಡಿಮೆ. ಹೇಳಿದಂತೆ ಕತ್ತರಿಸಿದ.

ಮಧ್ಯಾಹ್ನ ಊಟಕ್ಕೆ ಕುಳಿತಿದ್ದೆ, ಫೋನು ಬಂತು. ಮೀಟರ್ ಪರೀಕ್ಷೆಯ ಸಾಮಾನು ತಗೊಂಡು ತಕ್ಷಣ ಬರಬೇಕಂತೆ. ಹೋದರೆ ಸಾಹೇಬರು ಕೇಳಿದ ಮೊದಲ ಪ್ರಶ್ನೆ ಇದು.

"ಬಸವರಾಜಪ್ಪನವರೇ, ಈ ಮೀಟರಿಗೆ ಸೀಲ್ ಹಾಕಿದ್ಯಾರು?"

"ನಾನೇ ಸಾರ್."

"ಹೂಂ" ಎಂದರು. ಸರ್ವಿಸಿನ ಕೊನೆಯಲ್ಲಿ ಕಳ್ಳಿಯ ಪಾಲುದಾರ ಎಂಬ ಬಿರುದು ಬೇರೆ ಸಿಗುವ ಹಾಗಿತ್ತು.

ಮುಮ್ತಾಜ್‌ಬೀ ಶೆಡ್ಡಿನಲ್ಲಿದ್ದಳು. ಮಣ್ಣಿನ ಮಡಕೆಗಳಲ್ಲಿ ಕೆಂಡ ತುಂಬಿ, ಬೂದಿ ಮುಚ್ಚಿ ಮರಿಗಳ ನಡುವೆ ಇಟ್ಟಿದ್ದಳು. ಸುತ್ತಲೂ ಗೋಣಿತಾಟು ಇಳಿಬಿಟ್ಟಿದ್ದಳು. ಬಿಸಿಲಿರುವ ತನಕ ಹೇಗೋ ನಡೆಯುತ್ತದೆ. ಹೊತ್ತು ಇಳಿದರೆ ಮರಿಗಳು ಚಳಿಗೆ ಒಂದರ ಮೇಲೊಂದು ಬಿದ್ದು, ಅಡಿಯಲ್ಲಿರುವವು ಉಸಿರು ಕಟ್ಟಿ ಸಾಯುತ್ತವೆ. ಹೆಚ್ಚು ಕೆಂಡ ಇಟ್ಟರೆ ಹೊಗೆಗೆ ಸಾಯುತ್ತವೆ. ನನ್ನನ್ನು ನೋಡಿದ್ದೇ ಅವಳು ಹೊರಗೆ ಬಂದಳು.

"ಬಸಣ್ಣಾರೇ, ನೀವಾದ್ರೂ ಹೇಳ್ರೀ. ಯಾವಾಗಾದ್ರೂ ಕದ್ದೀನಾ ನಾನು? ಮೀಟ್ರು ಕೂರ್ಸಿದೋರು ನೀವೇ ಅಲ್ಲೇನ್ರೀ?"

"ನಾನೇ ಕಣಮ್ಮ. ತಡಿ, ನೋಡೋಣ."

"ಮರಿ ಹೋದ್ರೆ ಮತ್ತೆ ತರ್ತೀನಿ. ಸಂಘದೋರು ಎಲ್ಲಾ ರಸ್ತೆ ಮ್ಯಾಲೇ ನಿಂತಿದ್ರು ರೀ. ಎಲ್ರೂ ಕೇಳಿದ್ರು. ಈ ಮುಖ ಇಟ್ಕೊಂಡು ನಾಳೆ ಅವ್ರ ಮುಂದೆ ಹೆಂಗೆ ಕೂರ್ಲಿ?" ಆಗಲೇ ಗಿರಿಜಮ್ಮ ಎಂಬ ಸಂಘದ ಹೆಂಗಸು ಬಂದು, ಇದೊಂದು ಬಗೆಹರಿಯೋ ತನಕ ಸಭೆಗೆ ಬರಬೇಡ ಎಂದು ಹೇಳಿ ಹೋಗಿದ್ದಳಂತೆ.

ಸಾಹೇಬರ ಲೆಕ್ಕ ನೋಡಿದೆ. ಒಂದು ಅಂಕಿಯೂ ತಪ್ಪಿರಲಿಲ್ಲ. ಆದರೂ ನಂಬುವ ಹಾಗಿರಲಿಲ್ಲ. ನಾಲ್ಕು ಸಾವಿರ ವ್ಯಾಟು ಆ ಶೆಡ್ಡಿನಲ್ಲಿ ಉರಿದರೆ ಮರಿಗಳು ದೊಡ್ಡವಾಗುವುದಿಲ್ಲ, ಸುಟ್ಟೇ ಹೋಗುತ್ತವೆ. ನಾನು ಬಾಯಲ್ಲೇ ನನ್ನ ಲೆಕ್ಕ ಹಾಕಿದೆ. "ಸಾರ್, ನೂರು ವ್ಯಾಟಿನ ಎರಡು ಬಲ್ಬು ಒಂದರ ಹಿಂದೊಂದು ಹಾಕಿದ್ರೆ ರೆಸಿಸ್ಟೆನ್ಸ್ ಎರಡರಷ್ಟು. ಹಾಗಾಗಿ ಜೋಡಿಗೆ ಐವತ್ತು ವ್ಯಾಟು. ಆರು ಜೋಡಿಗೆ ಮುನ್ನೂರು."

"ಮೀಟರ್ ತೋರಿಸ್ತಿರೋದು ನಾನೂರು."

"ಹೌದು ಸಾರ್."

"ಅಂದ್ರೆ ನಿಮ್ಮ ಲೆಕ್ಕದಲ್ಲಿ ಮೀಟರ್ ಜಾಸ್ತಿ ಓಡ್ತಿದೆ."

ಸಾಹೇಬರ ಲೆಕ್ಕದಲ್ಲಿ ಮುಮ್ತಾಜ್‌ಬೀ ಇಲಾಖೆಯಿಂದ ಕದಿಯುತ್ತಿದ್ದಳು. ನನ್ನ ಲೆಕ್ಕದಲ್ಲಿ ಇಲಾಖೆಯೇ ಅವಳಿಂದ ಕದಿಯುತ್ತಿತ್ತು. ಎರಡನ್ನೂ ಒಂದೇ ಸೂತ್ರದಿಂದ ಸಾಧಿಸಿ ತೋರಿಸಿದ್ದೆವು. ದ್ಯಾಮಪ್ಪ ಕಂಬಕ್ಕೆ ಒರಗಿ ನಿಂತು ಇಬ್ಬರ ಮುಖವನ್ನೂ ನೋಡುತ್ತಿದ್ದ.

"ಟಾಂಗ್ ಟೆಸ್ಟರ್ ಹಾಕಿ ನೋಡೋಣ ಸಾರ್" ಎಂದೆ. ಅದು ಇಕ್ಕಳದ ಹಾಗೆ ತಂತಿಯನ್ನು ಸುತ್ತ ಹಿಡಿದು, ಒಳಗೆ ಹರಿಯುವ ಕರೆಂಟನ್ನು ನೇರವಾಗಿ ತೋರಿಸುವ ಉಪಕರಣ. ಲೆಕ್ಕವೇ ಬೇಡ. ಆದರೆ ಕರೆಂಟು ಹರಿಯುತ್ತಿದ್ದರೆ ತಾನೇ ತೋರಿಸುವುದು?

"ಕಳ್ಳತನದ ಕನೆಕ್ಷನ್ ಮತ್ತೆ ಕೊಡೋ ಹಾಗಿಲ್ಲ" ಎಂದರು ಸಾಹೇಬರು.

"ಕಳ್ಳತನ ಅಂತ ಬರೀಬೇಕಾದ್ರೆ ಮೀಟರ್ ಪರೀಕ್ಷೆ ಮಾಡಲೇಬೇಕಲ್ಲ ಸಾರ್?"

"ಹೌದು."

"ಪರೀಕ್ಷೆಗೆ ಗ್ರಾಹಕರ ಲೋಡು ಓಡ್ತಾ, ಬಲ್ಬು ಉರೀತಾ ಇರಬೇಕಲ್ಲ?"

ಸಾಹೇಬರು ಸ್ವಲ್ಪ ಹೊತ್ತು ಆಕಾಶ ನೋಡಿದರು. ಪರೀಕ್ಷೆಯಿಲ್ಲದೆ ಕರೆಂಟಿಲ್ಲ, ಕರೆಂಟಿಲ್ಲದೆ ಪರೀಕ್ಷೆಯಿಲ್ಲ. ಇಂಥ ಗಂಟುಗಳನ್ನು ಬಿಚ್ಚುತ್ತಲೇ ನಾನು ಮುದುಕನಾದವನು. "ಸಾರ್, ಪರೀಕ್ಷೆಗಾಗಿ ಮಾತ್ರ ಅಂತ ಕೊಡೋಣ. ಪರೀಕ್ಷೆಗಾಗಿ ಕೊಟ್ಟಿದ್ದು ಕನೆಕ್ಷನ್ ಅಲ್ಲ."

"ಪರೀಕ್ಷೆಗಾಗಿ ಮಾತ್ರ" ಎಂದರು ಬೆರಳೆತ್ತಿ.

ದ್ಯಾಮಪ್ಪ ಏಣಿ ಹತ್ತಿ ತಂತಿ ಕೂಡಿಸಿದ. ಶೆಡ್ಡು ಕೆಂಪಾಯಿತು. ಮರಿಗಳು ಚೀಂವ್ ಚೀಂವ್ ಎನ್ನುತ್ತಾ ಬಲ್ಬಿನ ಕೆಳಗೆ ಓಡಿದವು. ಮುಮ್ತಾಜ್‌ಬೀ "ಯಾ ಅಲ್ಲಾ" ಎಂದು ಅಲ್ಲೇ ಕುಸಿದು ಕುಳಿತಳು. ನಾನು ಟಾಂಗ್ ಟೆಸ್ಟರ್ ಹಿಡಿದೆ. ಎರಡು ಆಂಪಿಯರಿಗೂ ಕಡಿಮೆ, ಒಂದು ಮುಕ್ಕಾಲಿನ ಮೇಲೆ ಚೂರು. ಇನ್ನೂರ ಮೂವತ್ತರಿಂದ ಗುಣಿಸಿದರೆ ನಾನೂರು ಚಿಲ್ಲರೆ ವ್ಯಾಟು. ಮೀಟರ್ ಹೇಳಿದ್ದೇ ಸರಿ. ಸಾಹೇಬರ ಲೆಕ್ಕದ ಪ್ರಕಾರ ಹದಿನೇಳು ಆಂಪಿಯರಿಗೂ ಮೇಲೆ ಇರಬೇಕಿತ್ತು.

"ನಿಮ್ಮ ಟಾಂಗ್ ಟೆಸ್ಟರ್ ಕೆಟ್ಟಿದೆ" ಎಂದರು. ಆಫೀಸಿನಿಂದ ಇನ್ನೊಂದು ತರಿಸಿದರು. ಅದೂ ಅಷ್ಟೇ ಹೇಳಿತು. ಮೇನ್ ಆರಿಸಿ ಮಲ್ಟಿಮೀಟರ್ ಹಚ್ಚಿದರು. ಮತ್ತೆ ಹದಿಮೂರು ಓಮ್! ಮೇನ್ ಹಾಕಿದರು, ಟಾಂಗ್ ಟೆಸ್ಟರ್ ಮತ್ತೆ ಹಳೆಯ ಮಾತನ್ನೇ ಹೇಳಿತು. ಹಾಕಿದರೆ ಸಂಭಾವಿತ ಶೆಡ್ಡು, ಆರಿಸಿದರೆ ಕಳ್ಳರ ಶೆಡ್ಡು. ಸಾಹೇಬರ ಹಣೆಯಲ್ಲಿ ಚಳಿಗಾಲದ ಮಧ್ಯೆ ಬೆವರು ಮೂಡಿತು.

"ಏನಮ್ಮ, ರಿಮೋಟ್ ಏನಾದ್ರೂ ಇಟ್ಕೊಂಡಿದ್ದೀಯಾ? ನಾವು ನೋಡುವಾಗ ಲೋಡ್ ಕಡಿಮೆ ಮಾಡೋ ಅಂಥದ್ದು?"

"ಐತೆ ರೀ" ಎಂದಳು ಮುಮ್ತಾಜ್‌ಬೀ. ಸಾಹೇಬರು ಕಣ್ಣರಳಿಸಿದರು. "ಟೀವೀದು. ಅದ್ರದ್ದೂ ಗುಂಡಿ ಕಿತ್ತು ಹೋಗೈತೆ. ಬೇಕಾದ್ರೆ ತಗೊಂಡು ಹೋಗ್ರೀ."

ದ್ಯಾಮಪ್ಪ ಆ ಕಡೆ ತಿರುಗಿ ಕೆಮ್ಮಿದ.

ಮೇಲಧಿಕಾರಿಗೆ ನೀವು ತಪ್ಪಿದ್ದೀರಿ ಎಂದು ಹೇಳುವ ವಿದ್ಯೆ ಯಾವ ಕಾಲೇಜಿನಲ್ಲೂ ಕಲಿಸುವುದಿಲ್ಲ. ನಾನು ಕಂಡುಕೊಂಡ ದಾರಿಯೊಂದಿದೆ. ಅವರಿಂದಲೇ ಪಾಠ ಹೇಳಿಸಿಕೊಳ್ಳುವುದು. "ಸಾರ್, ನನಗೊಂದು ಅನುಮಾನ. ಈಗ ನಿಜವಾಗಿ ಹರೀತಿರೋ ಕರೆಂಟಿಂದ ವೋಲ್ಟೇಜನ್ನ ಭಾಗಿಸಿದ್ರೆ, ಉರೀತಿರೋವಾಗಿನ ರೆಸಿಸ್ಟೆನ್ಸ್ ಎಷ್ಟು ಬರುತ್ತೆ?"

ಸಾಹೇಬರು ಮೊಬೈಲಿನಲ್ಲಿ ಭಾಗಿಸಿದರು. ನೂರ ಇಪ್ಪತ್ತೊಂಬತ್ತು ಓಮ್ ಬಂತು. ಮತ್ತೊಮ್ಮೆ ಭಾಗಿಸಿದರು. ಅದೇ ಬಂತು. ನಿಧಾನವಾಗಿ ಹೋಗಿ ಉರಿಯುವ ಬಲ್ಬಿನ ಹತ್ತಿರ ಅಂಗೈ ಹಿಡಿದು ನಿಂತರು.

"ತಂತಿ ಕಾದ ಹಾಗೆ ರೆಸಿಸ್ಟೆನ್ಸ್ ಏರುತ್ತೆ" ಎಂದರು ಕೊನೆಗೆ, ತಮಗೆ ತಾವೇ ಹೇಳಿಕೊಳ್ಳುವಂತೆ. "ನಾನು ಆರಿದ ಬಲ್ಬಿನದು ಅಳೆದೆ. ಓದಿದ್ದೆ ರೀ ಇದನ್ನ. ಪರೀಕ್ಷೆಯಲ್ಲಿ ಬರೆದೂ ಇದ್ದೆ."

ನನಗೆ ಪಾಪ ಎನಿಸಿತು. ನಿಜವಾಗಿಯೂ ಎನಿಸಿತು. ಸಮಾಧಾನ ಹೇಳೋಣ ಎನ್ನುವಷ್ಟರಲ್ಲಿ ಅವರು ತಿರುಗಿ, "ಹಾಗಾದ್ರೆ ನಿಮ್ಮ ಮುನ್ನೂರು ಎಲ್ಲಿ ಹೋಯ್ತು?" ಎಂದು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ನಾನು ಹಿಡಿದದ್ದು ಬೆಳ್ಳಗೆ ಪೂರ್ತಿ ಕಾದ ಬಲ್ಬಿನ ರೋಧ, ಅವರು ಹಿಡಿದದ್ದು ತಣ್ಣಗಿನದು. ಮುಮ್ತಾಜ್‌ಬೀಯ ಬಲ್ಬು ಎರಡೂ ಅಲ್ಲ. ಜೋಡಿಯಲ್ಲಿದ್ದುದರಿಂದ ಒಂದೊಂದಕ್ಕೂ ಅರ್ಧ ವೋಲ್ಟೇಜು ಸಿಕ್ಕಿ ಕೆಂಪಗೆ ನಡುವಿನ ಕಾವಿನಲ್ಲಿ ಉರಿಯುತ್ತಿತ್ತು. ಅದರ ರೋಧವೂ ನಡುವೆ, ವ್ಯಾಟೂ ನಡುವೆ. ನಮ್ಮಿಬ್ಬರ ಎಂಜಿನಿಯರಿಂಗ್ ಡಿಗ್ರಿಗಳ ನಡುವೆ ಸಿಕ್ಕಿಹಾಕಿಕೊಂಡಿದ್ದ ಆ ಮೀಟರು ಒಂದೇ ಅಲ್ಲಿ ತನ್ನ ಕೆಲಸ ಮಾಡಿದ್ದು.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಗ್ರೂಪಿಗೆ ಫೋಟೋ ಹೋಗಿಯಾಗಿತ್ತಲ್ಲ. ಹೆಬ್ಬೆರಳುಗಳು ಬರುತ್ತಲೇ ಇದ್ದವು. "ಮೇಲಿನ ಸಾಹೇಬರೇ ಶಭಾಷ್ ಅಂದಿದ್ದಾರೆ. ಈಗ ಇಲ್ಲ ಅಂತ ಹೇಗೆ ರೀ ಬರೀಲಿ?" ಎಂದು ಪ್ರಭಂಜನರು ಮೆಲ್ಲಗೆ ಕೇಳಿದರು. ಹೊತ್ತು ಇಳಿಯುತ್ತಿತ್ತು. ಮುಮ್ತಾಜ್‌ಬೀ ಬಾಗಿಲಲ್ಲಿ ನಿಂತು ನಮ್ಮಿಬ್ಬರನ್ನೇ ನೋಡುತ್ತಿದ್ದಳು. ಮತ್ತೆ ತಂತಿ ಕತ್ತರಿಸುತ್ತಾರೋ ಏನೋ ಎಂಬ ಭಯ ಅವಳಿಗೆ.

"ಪರೀಕ್ಷೆ ಮುಗೀತು ಅಂತ ಯಾರು ಹೇಳಿದ್ರು ಸಾರ್?" ಎಂದೆ. "ಇಷ್ಟು ಸೂಕ್ಷ್ಮದ ಕೇಸು. ಹಗಲಿನ ವೋಲ್ಟೇಜು ಬೇರೆ, ರಾತ್ರಿದು ಬೇರೆ. ಸ್ವಲ್ಪ ದಿನ ನೋಡಬೇಕಾಗುತ್ತೆ. ಪರೀಕ್ಷೆ ಇಷ್ಟೇ ಹೊತ್ತು ಅಂತ ನಿಯಮದಲ್ಲಿ ಎಲ್ಲೂ ಇಲ್ಲ."

ಸಾಹೇಬರು ನನ್ನ ಮುಖ ನೋಡಿದರು. ಮೊದಲ ಸಲ ಅವರ ಮುಖದಲ್ಲಿ ನಗುವಿನ ಹಾಗೆ ಏನೋ ಸುಳಿಯಿತು. ಪರೀಕ್ಷೆ ಮುಂದುವರಿಯಿತು. ಮರಿಗಳಿಗೆ ರೆಕ್ಕೆಪುಕ್ಕ ಬಲಿತು, ಬಲ್ಬಿನ ಹಂಗು ತೀರುವವರೆಗೂ ಮುಂದುವರಿಯಿತು. ಇಷ್ಟು ದೀರ್ಘವಾಗಿ ಪರೀಕ್ಷೆಗೆ ಒಳಗಾದ ಮೀಟರು ಎರಡು ತಾಲ್ಲೂಕಿನಲ್ಲೂ ಇನ್ನೊಂದಿಲ್ಲ. ಅಷ್ಟರಲ್ಲಿ ಗ್ರೂಪಿನವರು ಬೇರೆ ಫೋಟೋಗಳಿಗೆ ಹೆಬ್ಬೆರಳು ಒತ್ತುವುದರಲ್ಲಿ ಮುಳುಗಿ ಕೋಳಿ ಶೆಡ್ಡನ್ನು ಮರೆತೇಬಿಟ್ಟಿದ್ದರು.

ಪರೀಕ್ಷೆ ಮುಗಿಸುವ ದಿನ ಸಾಹೇಬರು, ನಾನು, ದ್ಯಾಮಪ್ಪ ಮೂವರೂ ಹೋದೆವು. ಮೀಟರಿನಲ್ಲಿ ಯಾವ ದೋಷವೂ ಕಂಡುಬಂದಿಲ್ಲ, ಕನೆಕ್ಷನ್ ಮುಂದುವರಿಸಬಹುದು ಎಂದು ಬರೆದು, ಸಹಿ ಹಾಕಿ, ಸಾಹೇಬರು ಜೀಪಿನ ಕಡೆ ತಿರುಗಿದರು. ಮುಮ್ತಾಜ್‌ಬೀ ಅಡ್ಡ ಬಂದಳು.

"ಏನಂತ ಬರ್ದೀರಿ ಸಾಹೇಬ್ರೆ?"

"ಮೀಟರ್ ಸರಿಯಾಗಿದೆ ಅಂತ ಬರೆದಿದ್ದೀನಮ್ಮ."

"ಮೀಟ್ರು ಸರಿ ಐತೆ ಅಂತ ನಂಗೂ ಗೊತ್ತು ರೀ. ಮೀಟ್ರಿಗೆ ಯಾರೂ ಕಳ್ಳಿ ಅಂದಿರ್ಲಿಲ್ಲ." ಅವಳು ರಸ್ತೆಯ ಕಡೆ ಕೈ ತೋರಿಸಿದಳು. "ಅವತ್ತಿಂದ ಸಂಘಕ್ಕೆ ಹೋಗಿಲ್ಲ ನಾನು. ಮರಿ ದೊಡ್ಡವಾಗ್ಯಾವೆ, ಈ ರಸ್ತೆಯೋರು ಒಬ್ರೂ ಬಂದು ಕೇಳಿಲ್ಲ. ನೀವು ಅಂದಿದ್ದು ಶೆಡ್ಡೊಳಗಲ್ಲ ಸಾಹೇಬ್ರೆ, ಆ ರಸ್ತೆ ಮ್ಯಾಲೆ. ಅಲ್ಲೇ ನಿಂತು ಹೇಳ್ರೀ."

ಸಾಹೇಬರು ತುಟಿ ಕಚ್ಚಿಕೊಂಡರು. ಗದರಿಸುತ್ತಾರೇನೋ ಎಂದುಕೊಂಡೆ. ಇಲ್ಲ. "ಸರಿ" ಎಂದವರೇ ರಸ್ತೆಗೆ ನಡೆದರು. ಮನುಷ್ಯ ಒಳ್ಳೆಯವರೆಂದು ಆಗಲೇ ಹೇಳಿದೆನಲ್ಲ.

ರಸ್ತೆಗೆ ಹೋದರೆ ಒಂದು ನರಪಿಳ್ಳೆಯಿಲ್ಲ. ಮಟಮಟ ಮಧ್ಯಾಹ್ನ. ಎಲ್ಲರ ಮನೆಯಲ್ಲೂ ಟೀವಿ ಕೂಗುತ್ತಿತ್ತು, ಎಲ್ಲೋ ಮಿಕ್ಸಿ ತಿರುಗುತ್ತಿತ್ತು. ತಪಾಸಣೆಯ ದಿನ ಜಾತ್ರೆಯ ಹಾಗೆ ಸೇರಿದ್ದ ಜನಕ್ಕೆ ಇವತ್ತು ಸುದ್ದಿಯೇ ಇಲ್ಲ. ಕಳ್ಳತನ ನೋಡಲು ಬರುವವರು ಕಳ್ಳತನವಲ್ಲ ಎಂಬುದನ್ನು ನೋಡಲು ಯಾಕೆ ಬರುತ್ತಾರೆ?

"ಯಾರೂ ಇಲ್ವಲ್ಲಮ್ಮ" ಎಂದರು ಸಾಹೇಬರು. ದನಿಯಲ್ಲಿ ಸಂಕಟವೂ ಇತ್ತು, ಚೂರು ನೆಮ್ಮದಿಯೂ ಇತ್ತು. ಮುಮ್ತಾಜ್‌ಬೀ ಮುಚ್ಚಿದ ಬಾಗಿಲುಗಳನ್ನು ನೋಡುತ್ತಾ ನಿಂತಳು. ಅವಳ ಮುಖ ನೋಡಲು ನನ್ನಿಂದಾಗಲಿಲ್ಲ. ದ್ಯಾಮಪ್ಪನ ಕಡೆ ನೋಡಿದೆ. ದ್ಯಾಮಪ್ಪ ನನ್ನನ್ನು ನೋಡಿದ. ಆಮೇಲೆ ರಸ್ತೆಯ ತುದಿಯಲ್ಲಿದ್ದ ಟ್ರಾನ್ಸ್‌ಫಾರ್ಮರಿನ ಕಡೆಗೆ ನಡೆದ.

ಟೀವಿಗಳೆಲ್ಲ ಒಟ್ಟಿಗೇ ಸುಮ್ಮನಾದವು. ಮಿಕ್ಸಿ ನಿಂತಿತು.

ನಮ್ಮ ಊರುಗಳಲ್ಲಿ ಕರೆಂಟು ಹೋದರೆ ಯಾರೂ ಮನೆಯೊಳಗೆ ಕೂರುವುದಿಲ್ಲ. ತಮ್ಮೊಬ್ಬರದೇ ಹೋಯಿತೋ, ಪಕ್ಕದವರದೂ ಹೋಯಿತೋ ಎಂದು ನೋಡಲು ಹೊರಗೆ ಬರಲೇಬೇಕು. ಪಕ್ಕದವರದೂ ಹೋಗಿದೆ ಎಂದು ಖಾತ್ರಿಯಾಗುವ ತನಕ ಜೀವಕ್ಕೆ ಸಮಾಧಾನವಿಲ್ಲ. ಒಂದೊಂದೇ ಬಾಗಿಲು ತೆರೆಯಿತು. "ನಿಮ್ದೂ ಹೋಯ್ತೇನ್ರೀ?" "ಹೂಂ ಕಣೇ, ಎಲ್ರದೂ ಹೋಗೈತೆ." ಹಿಟ್ಟಿನ ಕೈಯಲ್ಲಿ ಬಂದವರು, ತಲೆಗೆ ಎಣ್ಣೆ ಹಚ್ಚಿಕೊಂಡವರು, ಕೋಲೂರಿಕೊಂಡ ಒಬ್ಬ ಅಜ್ಜಿ, ಕೊನೆಗೆ ಗಿರಿಜಮ್ಮ. ಇಲಾಖೆಯ ಜೀಪು ಕಂಡದ್ದೇ ತಡ, ನಮ್ಮನ್ನು ವಿಚಾರಿಸಿಕೊಳ್ಳಲು ಎಲ್ಲರೂ ಸುತ್ತುವರಿದರು. ರಸ್ತೆ ತುಂಬಿತು.

ಸಾಹೇಬರು ಎಲ್ಲರ ಮುಂದೆ ಬಂದು ನಿಂತರು. "ಅವತ್ತು ಇಲ್ಲೇ ನಿಂತು ಈ ಅಮ್ಮ ಕರೆಂಟ್ ಕದೀತಾರೆ ಅಂತ ಹೇಳಿದ್ದೆ. ಅವರು ಕದ್ದಿಲ್ಲ. ಲೆಕ್ಕ ತಪ್ಪಿದವನು ನಾನು."

ಕೋಲಿನ ಅಜ್ಜಿ, "ಅದು ನಂಗೆ ಗೊತ್ತಿತ್ತು ಬಿಡಪ್ಪ. ಕರೆಂಟ್ ಯಾವಾಗ ಬರ್ತೈತೆ, ಅದು ಹೇಳು" ಎಂದಳು. ಎಲ್ಲರೂ ಗೊಳ್ಳೆಂದು ನಕ್ಕರು. ಗಿರಿಜಮ್ಮ ನಗಲಿಲ್ಲ. ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಮುಮ್ತಾಜ್‌ಬೀಯ ಹತ್ತಿರ ಬಂದಳು.

"ನಾಳೆ ಸಭೆ ಐತೆ ಮುಮ್ತಾಜಕ್ಕ. ನೀನಿಲ್ದೆ ಇಷ್ಟು ದಿನ ಬರೀ ಜಗಳ ಆತು. ಬಂದು ಕೂತ್ಕೋ."

ಮುಮ್ತಾಜ್‌ಬೀ ತಲೆಯ ಮೇಲಿನ ಸೆರಗನ್ನು ಎಳೆದುಕೊಂಡಳು, ಅದರಿಂದಲೇ ಕಣ್ಣೊರೆಸಿಕೊಂಡಳು. ನನ್ನ ಕಣ್ಣೂ ಒದ್ದೆಯಾಯಿತು. ನಾಚಿಕೆಯೇನಿಲ್ಲ, ಹೇಳಿಬಿಡುತ್ತೇನೆ.

ದ್ಯಾಮಪ್ಪ ಸ್ವಿಚ್ ಎತ್ತಿದ. ಟೀವಿಗಳು ಕೂಗಿದವು. "ಬಂತು, ಬಂತು" ಎನ್ನುತ್ತಾ ಜನ ಒಳಗೆ ಹೋದರು. ನಾವು ಜೀಪು ಹತ್ತಿದೆವು. ಊರೊಳಗೆ ಬಂದ ಮೇಲೆ ಸಾಹೇಬರು ಇದ್ದಕ್ಕಿದ್ದಂತೆ, "ಬಸವರಾಜಪ್ಪನವರೇ, ಅಷ್ಟು ಸರಿಯಾಗಿ ಅದೇ ಹೊತ್ತಿಗೆ ಕರೆಂಟ್ ಯಾಕೆ ಹೋಯ್ತು?" ಎಂದು ಕೇಳಿದರು.

ಹಿಂದಿನ ಸೀಟಿನಲ್ಲಿದ್ದ ದ್ಯಾಮಪ್ಪ ಅವತ್ತು ಮೊದಲ ಸಲ ಬಾಯಿ ಬಿಟ್ಟ.

"ಪರೀಕ್ಷೆಗಾಗಿ ಮಾತ್ರ ಸಾರ್."